ಹೈ ವೋಲ್ಟೇಜ್ ಕೊಟ್ಟರೆ ನೀರಿನಿಂದ ಹೈಡ್ರೋಜನ್ ಜಾಸ್ತಿ ಸಿಗುತ್ತದಾ?

ಮಲ್ಪೆಯ ಬೋಟ್‌ಗೆ ಡೀಸೆಲ್ ಬದಲು ಸಮುದ್ರದ ನೀರನ್ನೇ ಸಾವಿರಾರು ವೋಲ್ಟ್‌ನಿಂದ ಒಡೆದು ಇಂಧನ ಮಾಡಬಹುದಾ ಎಂದು ಕೇಳಿದ್ದೀರಿ. ಆಗುವುದಿಲ್ಲ.

ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯಲು ಲೆಕ್ಕದ ಪ್ರಕಾರ 1.23 ವೋಲ್ಟ್ ಸಾಕು. ಬಳಕೆಯಲ್ಲಿರುವ ಸೆಲ್‌ಗಳಿಗೆ (ಕರೆಂಟ್ ಹರಿಸಿ ನೀರು ಒಡೆಯುವ ಘಟಕಗಳಿಗೆ) ಸುಮಾರು 2 ವೋಲ್ಟ್ ಬೇಕು. ಎಷ್ಟು ಹೈಡ್ರೋಜನ್ ಬರುತ್ತದೆ ಎನ್ನುವುದು ಎಷ್ಟು ಕರೆಂಟ್ ಎಷ್ಟು ಹೊತ್ತು ಹರಿಯಿತು ಎಂಬುದರ ಮೇಲೆ ನಿಂತಿದೆ. ಇದನ್ನು ವಿಜ್ಞಾನಿ ಮೈಕೆಲ್ ಫ್ಯಾರಡೆ 1830ರ ದಶಕದಲ್ಲೇ ತೋರಿಸಿದ್ದರು. ಅಷ್ಟೇ ಕರೆಂಟನ್ನು 20 ವೋಲ್ಟ್‌ನಲ್ಲಿ ಹರಿಸಿದರೆ ಗ್ಯಾಸ್ ಅಷ್ಟೇ ಬರುತ್ತದೆ, ವಿದ್ಯುತ್ ಮಾತ್ರ ಹತ್ತು ಪಟ್ಟು ಖರ್ಚು. ಹೆಚ್ಚುವರಿ ವಿದ್ಯುತ್ ಸುಮ್ನೆ ನೀರು ಬಿಸಿ ಮಾಡುತ್ತದೆ. ಹೈಡ್ರೋಜನ್ ತಯಾರಿಸುವ ದೊಡ್ಡ ಕಾರ್ಖಾನೆಗಳಲ್ಲಿ ನೂರಾರು ವೋಲ್ಟ್ ಇರುತ್ತದೆ, ನಿಜ. ಆದರೆ ಅಲ್ಲಿ ಸೆಲ್‌ಗಳನ್ನು ಸಾಲಾಗಿ ಜೋಡಿಸಿರುತ್ತಾರೆ, ಒಂದೊಂದಕ್ಕೆ ಸಿಗುವುದು ಅದೇ 2 ವೋಲ್ಟ್.

ಇನ್ನು ಖರ್ಚು. ಒಂದು ಕೆಜಿ ಹೈಡ್ರೋಜನ್‌ಗೆ ಸುಮಾರು 50ರಿಂದ 55 ಯೂನಿಟ್ ವಿದ್ಯುತ್ ಬೇಕು. ಅದನ್ನು ಉರಿಸಿದರೆ ಸಿಗುವ ಶಕ್ತಿ ಸುಮಾರು 33 ಯೂನಿಟ್. ಎಂಜಿನ್‌ನಲ್ಲಿ ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಶಾಖವಾಗಿ ಹೋಗುತ್ತದೆ. ಹಾಗಾದರೆ ಬೋಟ್‌ನ ಎಂಜಿನ್ನೇ ವಿದ್ಯುತ್ ಕೊಟ್ಟು, ಅದರಿಂದಲೇ ತನ್ನ ಇಂಧನ ಮಾಡಿಕೊಳ್ಳುವುದು ಹೇಗೆ ಸಾಧ್ಯ, ಅಲ್ವಾ? 'ನೀರಿನಿಂದ ಓಡುವ ಕಾರು' ಎಂದು ಹೂಡಿಕೆದಾರರನ್ನು ನಂಬಿಸಿದ ಅಮೆರಿಕದ ಸ್ಟ್ಯಾನ್ಲಿ ಮೆಯರ್ ಮಾಡಿದ್ದು ವಂಚನೆ ಎಂದು ಅಲ್ಲಿನ ಕೋರ್ಟ್ 1996ರಲ್ಲಿ ಹೇಳಿತು.

ಸಮುದ್ರದ ನೀರಿನಲ್ಲಿ ಇನ್ನೊಂದು ತೊಂದರೆ: ಉಪ್ಪಿನಿಂದ ವಿಷಕಾರಿ ಕ್ಲೋರಿನ್ ಬರುತ್ತದೆ. ದಯವಿಟ್ಟು ಮನೆಯೊಳಗೆ ಪ್ರಯೋಗ ಮಾಡಬೇಡಿ. ಗಾಳಿಯಲ್ಲಿ ಹೈಡ್ರೋಜನ್ ಬರೀ ಶೇ. 4 ಇದ್ದರೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ.