ಹೋಟೆಲ್ ರೂಮು ನಿಜಕ್ಕೂ ಚೊಕ್ಕಟವಾಗಿದೆಯಾ ಅಂತ ಬ್ಯಾಗ್ ಇಳಿಸುವ ಮೊದಲೇ ತಿಳಿಯೋದು ಹೇಗೆ?

ವಯಸ್ಸಾದ ಅಪ್ಪ-ಅಮ್ಮ ಮತ್ತು ಚಿಕ್ಕ ಮಗಳನ್ನು ಕರೆದುಕೊಂಡು ಹಂಪಿಗೆ ಹೊರಟಿದ್ದೀರಿ. ಹೊಸಪೇಟೆಯಲ್ಲಿ ಉಳಿಯುವ ಯೋಚನೆ. ಆ್ಯಪಿನಲ್ಲಿ ನೋಡಿದರೆ ಎಲ್ಲ ಹೋಟೆಲಿಗೂ ನಾಲ್ಕರ ಮೇಲೆ ರೇಟಿಂಗ್, ಎಲ್ಲ ಫೋಟೋನೂ ಚೆಂದ. ಯಾವುದನ್ನು ನಂಬಬೇಕು, ರೂಮಿಗೆ ಹೋದಮೇಲೆ ಏನು ನೋಡಬೇಕು ಅನ್ನೋದು ನಿಮ್ಮ ಪ್ರಶ್ನೆ.

ನಾನು ಔಷಧ ಕಂಪನಿಯೊಂದರಲ್ಲಿ ಸೇಲ್ಸ್ ಕೆಲಸ ಮಾಡುತ್ತೇನೆ. ಬಳ್ಳಾರಿ, ಹೊಸಪೇಟೆ, ಕೊಪ್ಪಳ, ರಾಯಚೂರು ನನ್ನ ಏರಿಯಾ. ಲಾಡ್ಜಿನಲ್ಲಿ ಮಲಗೋದು ಕೆಲಸದ ಒಂದು ಭಾಗವೇ ಆಗಿದೆ. ಆ ಅನುಭವದಿಂದ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಹಳೆಯ ರೂಮು ಬೇರೆ, ಕೊಳಕು ರೂಮು ಬೇರೆ. ಇವೆರಡನ್ನೂ ಒಂದೇ ಅಂದುಕೊಂಡು ತುಂಬಾ ಜನ ತಪ್ಪು ಕಡೆ ದುಡ್ಡು ಸುರಿಯುತ್ತಾರೆ. ಕೊಪ್ಪಳದಲ್ಲಿ ನಾನು ಇಳಿದುಕೊಳ್ಳುವ ಒಂದು ಲಾಡ್ಜಿದೆ. ರೆಡ್ ಆಕ್ಸೈಡ್ ನೆಲ, ಅಲ್ಲಲ್ಲಿ ಬಿರುಕು. ಕಿಟಕಿಯ ಹಸಿರು ಬಣ್ಣ ಎದ್ದು ಹೋಗಿದೆ. ಆದರೆ ಮಧ್ಯಾಹ್ನ ಟೆರೇಸ್ ಹತ್ತಿದರೆ ಹಾಸಿಗೆ, ದಿಂಬು ಸಾಲಾಗಿ ಬಿಸಿಲಿಗೆ ಬಿದ್ದಿರುತ್ತವೆ. ಮಂಚದ ಹಿಂದೆ ಬೆರಳಾಡಿಸಿದರೆ ಧೂಳು ಅಂಟುವುದಿಲ್ಲ. ಇನ್ನೊಂದು ಊರಲ್ಲಿ ಹೊಸದಾಗಿ ಕಟ್ಟಿದ, ಎದುರಿಗೆಲ್ಲ ಗಾಜು ಹಾಕಿದ ಹೋಟೆಲಿನಲ್ಲಿ ಉಳಿದಿದ್ದೆ. ಬಾತ್‌ರೂಮಿನ ಟೈಲ್ಸ್ ಸಂದಿಯಲ್ಲೆಲ್ಲ ಕಪ್ಪು ಬೂಸ್ಟು. ದಿಂಬಿನ ಕವರ್ ಬೆಳ್ಳಗಿತ್ತು, ತೆಗೆದು ನೋಡಿದರೆ ಒಳಗಿನ ದಿಂಬಿಗೆ ಹಳದಿ ಕಲೆ, ಎಣ್ಣೆ ಜಿಡ್ಡು. ಬಾಡಿಗೆ ಮಾತ್ರ ಕೊಪ್ಪಳದ ಲಾಡ್ಜಿಗಿಂತ ಎಷ್ಟೋ ಜಾಸ್ತಿ.

ಹಾಗಾಗಿ ರೂಮು ಬುಕ್ ಮಾಡಿದ್ದರೂ ರಿಸೆಪ್ಷನ್‌ನಲ್ಲಿ "ರೂಮು ಒಂದ್ಸಲ ತೋರಿಸಿ" ಅಂತ ಕೇಳಿ. ಸಂಕೋಚ ಬೇಡ. ನಮ್ಮ ಕಡೆ ಇದು ಮಾಮೂಲಿ. ತೋರಿಸೋಕೆ ಹಿಂದೆ ಮುಂದೆ ನೋಡಿದರೆ ಅದರಲ್ಲೇ ಅರ್ಧ ಉತ್ತರ ಸಿಕ್ಕಿತು. ಮನೆಯವರೆಲ್ಲ ಲಗೇಜ್ ಜೊತೆ ಕೆಳಗೇ ಕೂತಿರಲಿ, ನೀವೊಬ್ಬರೇ ಹೋಗಿ. ಎಲ್ಲರೂ ಒಳಗೆ ಬಂದು ಮಂಚದ ಮೇಲೆ ಕೂತಮೇಲೆ ಬೇರೆ ರೂಮು ಕೇಳೋಕೆ ಮನಸ್ಸಾಗುವುದಿಲ್ಲ.

ಬಾಗಿಲು ತೆಗೆದ ಕೂಡಲೇ ಮೂಗಿಗೆ ಏನು ಬರುತ್ತೆ ನೋಡಿ. ಸ್ವಲ್ಪ ಫಿನಾಯಿಲ್ ವಾಸನೆ ಇದ್ದರೆ ತೊಂದರೆ ಇಲ್ಲ. ಮೂಗು ಮುಚ್ಚಿಕೊಳ್ಳುವಷ್ಟು ರೂಮ್ ಫ್ರೆಶ್ನರ್ ಹೊಡೆದಿದ್ದರೆ ಹುಷಾರಾಗಿ. ಏನನ್ನೋ ಮುಚ್ಚಿದ್ದಾರೆ ಅಂತಲೇ ಅರ್ಥ. ಸಾಮಾನ್ಯವಾಗಿ ಅದು ಸಿಗರೇಟು, ಮುಗ್ಗಲು ಅಥವಾ ಚರಂಡಿ.

ಚರಂಡಿ ವಾಸನೆ ಇದ್ದರೆ ತಕ್ಷಣ ರೂಮು ಬೇಡ ಅನ್ನಬೇಡಿ. ಬಾತ್‌ರೂಮಿಗೆ ಹೋಗಿ ನೆಲದ ಜಾಲರಿಗೆ ಒಂದು ಮಗ್ಗು ನೀರು ಹಾಕಿ. ಆ ಜಾಲರಿಯ ಕೆಳಗೆ ನಹಾನಿ ಟ್ರ್ಯಾಪ್ ಅಂತ ಇರುತ್ತೆ. ಅದರಲ್ಲಿ ಎರಡು ಇಂಚಿನಷ್ಟು ನೀರು ಸದಾ ನಿಂತಿರಬೇಕು. ಚರಂಡಿಯ ಗಾಳಿ ಮೇಲೆ ಬರದಂತೆ ತಡೆಯುವುದೇ ಆ ನೀರು. ರೂಮು ಕೆಲವು ದಿನ ಖಾಲಿ ಬಿದ್ದಿದ್ದರೆ, ಅದರಲ್ಲೂ ಹೊಸಪೇಟೆಯ ಬೇಸಿಗೆಯಲ್ಲಿ, ಅದು ಆರಿಹೋಗುತ್ತದೆ. ನೀರು ಹಾಕಿ ಫ್ಯಾನ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ವಾಸನೆ ಹೋಗಬೇಕು. ಹೋದರೆ ರೂಮಿನದೇನೂ ತಪ್ಪಿಲ್ಲ. ಹೋಗದಿದ್ದರೆ ಪೈಪಿನಲ್ಲೇ ದೋಷ, ಅದನ್ನು ಯಾವ ರೂಮ್ ಬಾಯ್ ಬಂದರೂ ಆ ರಾತ್ರಿ ಸರಿ ಮಾಡಲಾರ. ಜಾಲರಿ ಮೇಲೆ ನುಸಿಗುಳಿಗೆ ರಾಶಿ ಹಾಕಿದ್ದರೂ ಇದೇ ಲೆಕ್ಕ.

ಅದೇ ನೀರು ಎತ್ತ ಹರಿಯಿತು ಅಂತಲೂ ನೋಡಿ. ನಿಮ್ಮ ಅಪ್ಪ-ಅಮ್ಮನ ದೃಷ್ಟಿಯಿಂದ ನನಗೆ ಇದು ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಎಷ್ಟೋ ಬಾತ್‌ರೂಮುಗಳಲ್ಲಿ ನೆಲದ ಇಳಿಜಾರು ಸರಿ ಇರುವುದಿಲ್ಲ. ನೀರು ಜಾಲರಿ ಕಡೆ ಹೋಗದೆ ಬಾಗಿಲ ಹತ್ತಿರ ಅಥವಾ ಕಮೋಡಿನ ಮುಂದೆ ನಿಲ್ಲುತ್ತದೆ. ರಾತ್ರಿ ಎದ್ದು ಹೋಗುವ ಹಿರಿಯರು ಜಾರುವುದು ಅಲ್ಲೇ. ಟೈಲ್ಸ್ ನುಣ್ಣಗಿದ್ದು ನೀರೂ ನಿಂತರೆ ರೂಮು ಬದಲಿಸಿ, ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿದ್ದರೂ ಸರಿ.

ನಲ್ಲಿ, ಷವರ್ ಮೇಲೆ ಬಿಳಿ ಪುಡಿ ಕಟ್ಟಿರುವುದು ಕಂಡರೆ ಗಾಬರಿ ಆಗಬೇಡಿ. ಈ ಭಾಗದ ಬೋರ್‌ವೆಲ್ ನೀರು ಗಡಸು. ಎಷ್ಟು ಉಜ್ಜಿದರೂ ಆ ಸುಣ್ಣ ಮತ್ತೆ ಕಟ್ಟುತ್ತದೆ. ಗುಲಾಬಿ ಅಥವಾ ಕಪ್ಪು ಲೋಳೆ ಮಾತ್ರ ಬೇರೆ ಕಥೆ. ಬಕೆಟ್ ತಳ, ಮಗ್ಗಿನ ಹಿಡಿ, ಬೇಸಿನ್ನಿನ ಅಡಿಭಾಗ, ಹೆಲ್ತ್ ಫಾಸೆಟ್ ಸಿಕ್ಕಿಸುವ ಜಾಗ ಮುಟ್ಟಿ ನೋಡಿ. ಜಾರುವಂತಿದ್ದರೆ ಅಲ್ಲಿ ಬ್ರಷ್ ಆಡದೆ ತುಂಬಾ ದಿನ ಆಗಿದೆ. ಎದುರಿಗೆ ಕಾಣುವ ಕನ್ನಡಿಯನ್ನು ಎಲ್ಲರೂ ಒರೆಸುತ್ತಾರೆ. ಬಗ್ಗಿ ನೋಡಿದರೆ ಮಾತ್ರ ಕಾಣುವ ಜಾಗವನ್ನೂ ಉಜ್ಜಿದ್ದರೆ ಆ ಹೋಟೆಲಿನಲ್ಲಿ ಮೇಲ್ವಿಚಾರಣೆ ಇದೆ ಅಂತ ತಿಳಿಯಿರಿ.

ಇನ್ನು ಹಾಸಿಗೆ. ಬೆಡ್‌ಶೀಟು ಬೆಳ್ಳಗಿದೆ ಅಂತ ನಿಲ್ಲಿಸಬೇಡಿ. ತಲೆ ಕಡೆಯ ಮೂಲೆಯಲ್ಲಿ ಶೀಟ್ ಎತ್ತಿ, ಹಾಸಿಗೆಯ ಅಂಚಿನ ಹೊಲಿಗೆಯ ಉದ್ದಕ್ಕೂ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ತಿಗಣೆ ಅಡಗುವುದು ಆ ಹೊಲಿಗೆಯ ಮಡಿಕೆಯಲ್ಲಿ, ಮಂಚದ ಕೀಲುಗಳಲ್ಲಿ, ತಲೆಹಲಗೆಯ ಹಿಂದೆ. ಬೆಳೆದ ತಿಗಣೆ ಸುಮಾರು 5 ಮಿಲಿಮೀಟರ್ ಇರುತ್ತೆ, ಚಪ್ಪಟೆ, ಕಂದುಗೆಂಪು. ಹಗಲಲ್ಲಿ ಅದು ಕಾಣದಿದ್ದರೂ ಅದರ ಗುರುತು ಕಾಣುತ್ತದೆ. ಸಣ್ಣ ಸಣ್ಣ ಕಪ್ಪು ಚುಕ್ಕೆಗಳು, ಒಂದೇ ಕಡೆ ಗುಂಪಾಗಿ. ಒದ್ದೆ ಬಟ್ಟೆ ತಾಗಿಸಿದರೆ ಹರಡಿ ಕಂದು ಬಣ್ಣ ಬಿಡುತ್ತವೆ. ಅದು ಜೀರ್ಣವಾದ ರಕ್ತ.

ರಾಯಚೂರಿನ ಒಂದು ಲಾಡ್ಜಿನಲ್ಲಿ ನನಗೆ ಹೀಗೇ ಕಂಡಿತ್ತು. ಹುಡುಗನನ್ನು ಕರೆದು ತೋರಿಸಿದೆ. ಅವನು ಹೊಸ ಬೆಡ್‌ಶೀಟ್ ತಂದು ಅದರ ಮೇಲೇ ಹಾಸಲು ಹೊರಟ. ಶೀಟ್ ಬದಲಿಸಿದರೆ ತಿಗಣೆ ಎಲ್ಲಿಗೂ ಹೋಗುವುದಿಲ್ಲ. ಪಕ್ಕದ ರೂಮು ಕೊಡುತ್ತೇನೆ ಅಂದ, ಅದನ್ನೂ ಬೇಡ ಅಂದೆ. ತಿಗಣೆ ಗೋಡೆಯ ಬಿರುಕು, ವೈರಿಂಗ್ ಪೈಪಿನ ಮೂಲಕ ಪಕ್ಕದ ರೂಮಿಗೆ ಹೋಗುತ್ತದೆ. ಕೇಳುವುದಾದರೆ ಬೇರೆ ಮಹಡಿಯಲ್ಲಿ ಕೇಳಿ. ಇಲ್ಲವೇ ಬೇರೆ ಲಾಡ್ಜ್ ನೋಡಿ. ತಿಗಣೆ ರೋಗ ಹರಡುವುದಿಲ್ಲ. ಆದರೆ ಬ್ಯಾಗಿನಲ್ಲಿ ಕೂತು ನಿಮ್ಮ ಮನೆಗೇ ಬಂದುಬಿಡುತ್ತದೆ. ತಿಂಗಳುಗಟ್ಟಲೆ ಊಟವಿಲ್ಲದೆ ಬದುಕುತ್ತದೆ. ಹಾಸಿಗೆ ನೋಡಿ ಮುಗಿಯುವವರೆಗೂ ಬ್ಯಾಗನ್ನು ಮಂಚದ ಮೇಲೆ ಇಡಬೇಡಿ ಅನ್ನುವುದು ಇದಕ್ಕೇ. ಅನುಮಾನ ಇದ್ದರೆ ಊರಿಗೆ ಬಂದಮೇಲೆ ಬಟ್ಟೆಗಳನ್ನೆಲ್ಲ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ, ಆ ಬಿಸಿಗೆ ಮೊಟ್ಟೆಯೂ ಸಾಯುತ್ತದೆ.

ತಿಗಣೆ ಇದ್ದ ಮಾತ್ರಕ್ಕೆ ಆ ಹೋಟೆಲಿನವರು ಕೊಳಕರು ಅಂತಲ್ಲ. ಯಾವ ಗಿರಾಕಿಯ ಬ್ಯಾಗಿನಲ್ಲಾದರೂ ಬಂದಿರಬಹುದು. ತೋರಿಸಿದಾಗ ಅವರು ಏನು ಮಾಡಿದರು ಅನ್ನುವುದರ ಮೇಲೆ ಅಳೆಯಿರಿ.

ಹೊದಿಕೆ ವಿಷಯದಲ್ಲಿ ನಾನು ಯಾರನ್ನೂ ನಂಬುವುದಿಲ್ಲ. ಬೆಡ್‌ಶೀಟ್, ದಿಂಬಿನ ಕವರ್ ಪ್ರತಿ ಗಿರಾಕಿಗೂ ಬದಲಾಗುತ್ತವೆ. ರಗ್ಗು ಬದಲಾಗುವುದಿಲ್ಲ. ಆ ದಪ್ಪ ರಗ್ಗನ್ನು ದಿನಾ ಒಗೆದು ಒಣಗಿಸೋಕೆ ಆಗುವ ಮಾತೂ ಅಲ್ಲ. ಅದಕ್ಕೆ ಒಂದು ತೊಳೆದ ಶೀಟ್ ಹೆಚ್ಚಿಗೆ ಕೇಳಿ, ಅದನ್ನು ಒಳಗೆ ಹೊದ್ದು ಮೇಲೆ ರಗ್ಗು ಹಾಕಿಕೊಳ್ಳಿ. ಮಗಳಿಗೆ ಮನೆಯಿಂದಲೇ ಒಂದು ಹೊದಿಕೆ ತೆಗೆದುಕೊಂಡು ಹೋಗಿ.

ಮುಟ್ಟುವ ವಸ್ತುಗಳ ಬಗ್ಗೆ ಒಂದು ವಿಷಯ. 2012ರಲ್ಲಿ ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯದವರು ಹೋಟೆಲ್ ರೂಮುಗಳಲ್ಲಿ ಬ್ಯಾಕ್ಟೀರಿಯಾ ಹುಡುಕಿದ್ದರು. ಕಮೋಡು, ಬೇಸಿನ್ ಜೊತೆಗೆ ಟಿವಿ ರಿಮೋಟ್, ಮಂಚದ ಪಕ್ಕದ ದೀಪದ ಸ್ವಿಚ್ಚಿನಲ್ಲೂ ತುಂಬಾ ಸಿಕ್ಕಿತ್ತು. ಕ್ಲೀನ್ ಮಾಡುವವರ ಸ್ಪಂಜು, ಮಾಪ್ ಕೂಡ ಅದೇ ಸಾಲಿನಲ್ಲಿದ್ದವು. ನೋಡಿದ್ದು ಕೆಲವೇ ರೂಮು, ಹಾಗಾಗಿ ಅದನ್ನೇ ಕೊನೆಯ ಮಾತು ಅನ್ನಲಾರೆ. ಆದರೂ ಚಿಕ್ಕ ಮಕ್ಕಳು ರಿಮೋಟನ್ನು ಬಾಯಿಗೇ ಇಟ್ಟುಕೊಳ್ಳುತ್ತಾರೆ ಅಲ್ವಾ? ಒಂದು ವೈಪ್ ತೆಗೆದು ರಿಮೋಟ್, ಸ್ವಿಚ್, ಬಾಗಿಲ ಹಿಡಿ ಒರೆಸಿಬಿಡಿ, ಮುಗೀತು. ಕೆಟಲ್ ಇದ್ದರೆ ಒಳಗೆ ಇಣುಕಿ ನೋಡಿ, ಒಮ್ಮೆ ನೀರು ಕುದಿಸಿ ಚೆಲ್ಲಿ, ಆಮೇಲೆ ಬಳಸಿ.

ಆರಾಮದ ವಿಷಯಕ್ಕೆ ಬಂದರೆ ಹೊಸಪೇಟೆಯಲ್ಲಿ ದೊಡ್ಡ ಶತ್ರು ಸೆಕೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಹತ್ತಿರ ಹೋಗುತ್ತದೆ. ಕೊನೆಯ ಮಹಡಿಯ ರೂಮು ತೆಗೆದುಕೊಳ್ಳಬೇಡಿ. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಪೂರ್ತಿ ಆ ಬಿಸಿಯನ್ನು ಕೆಳಗೆ ಬಿಡುತ್ತದೆ, ಎಸಿ ಓಡುತ್ತಲೇ ಇದ್ದರೂ ತಣ್ಣಗಾಗುವುದಿಲ್ಲ. ಪಡುವಣ ಗೋಡೆಯ ರೂಮೂ ಹಾಗೇ. ಎಸಿಯ ಮುಂದಿನ ಮುಚ್ಚಳ ಸುಲಭವಾಗಿ ಏಳುತ್ತದೆ. ಕೈಗೆಟುಕಿದರೆ ಎತ್ತಿ ನೋಡಿ. ಫಿಲ್ಟರ್ ಮೇಲೆ ಧೂಳಿನ ಪದರ ಇದ್ದರೆ ಅದನ್ನು ತೊಳೆದುಕೊಡೋಕೆ ಹೇಳಿ, ಹತ್ತು ನಿಮಿಷದ ಕೆಲಸ. ಕಿಟಕಿಗೆ ಸೊಳ್ಳೆ ಜಾಲರಿ ಇದೆಯಾ, ಹರಿದಿಲ್ಲವಾ ನೋಡಿ. ಸುತ್ತ ತುಂಗಭದ್ರಾ ಕಾಲುವೆ, ಗದ್ದೆ ಇರುವ ಊರು, ಸಂಜೆಗೆ ಸೊಳ್ಳೆ ಇದ್ದೇ ಇರುತ್ತದೆ.

ಸದ್ದಿನ ಬಗ್ಗೆ ಫೋನಿನಲ್ಲೇ ಕೇಳಿ. ಪಕ್ಕದಲ್ಲಿ ಕಲ್ಯಾಣ ಮಂಟಪ ಇದೆಯಾ? ಕೆಳಗೆ ಬಾರ್ ಇದೆಯಾ? ಮದುವೆ ಸೀಸನ್ನಿನಲ್ಲಿ ಮಂಟಪದ ಜನರೇಟರು, ಡಿಜೆ ಎರಡೂ ಸೇರಿದರೆ ಯಾವ ಒಳ್ಳೆ ಹಾಸಿಗೆಯೂ ನಿದ್ದೆ ಕೊಡುವುದಿಲ್ಲ. ಕರೆಂಟ್ ಹೋದರೆ ಲಿಫ್ಟ್ ನಡೆಯುತ್ತಾ ಅಂತಲೂ ಕೇಳಿ. ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಸೋಲಾರಾ ಗೀಸರಾ ಅಂತ ಕೇಳಿ. ಸೋಲಾರ್ ಆದರೆ ಲಾಡ್ಜ್ ತುಂಬಿದ ದಿನ ಬೆಳಗ್ಗೆ ಬೇಗ ಖಾಲಿಯಾಗುತ್ತದೆ. ಹಿರಿಯರಿಗೆ ಮೊದಲು ಸ್ನಾನ ಮಾಡಿಸಿಬಿಡಿ.

ಆನೆಗುಂದಿ, ಸಾಣಾಪುರ ಕಡೆಯ ಹೋಂಸ್ಟೇ ನೋಡುತ್ತಿದ್ದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಗ್ಯಾಸ್ ಗೀಸರ್ ಬಾತ್‌ರೂಮಿನ ಒಳಗೇ ಇದ್ದು, ಗಾಳಿ ಆಡೋಕೆ ಕಿಟಕಿ ಇಲ್ಲದಿದ್ದರೆ ಅದನ್ನು ಹಚ್ಚಲೇಬೇಡಿ. ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುತ್ತಿದೆ ಅಂತ ಗೊತ್ತಾಗುವಷ್ಟರಲ್ಲಿ ಬಾಗಿಲು ತೆಗೆಯುವ ಶಕ್ತಿಯೂ ಇರುವುದಿಲ್ಲ. ನಮ್ಮ ರಾಜ್ಯದಲ್ಲೇ ಇದರಿಂದ ಜೀವ ಹೋಗಿವೆ. ಗೀಸರ್ ಹೊರಗಿದ್ದರೆ ಚಿಂತೆ ಇಲ್ಲ. ಇಲ್ಲದಿದ್ದರೆ ಬಿಸಿನೀರನ್ನು ಬಕೆಟ್ಟಿನಲ್ಲಿ ತರಿಸಿಕೊಳ್ಳಿ.

ಈಗ ರೇಟಿಂಗ್. ಆ್ಯಪಿನ 4.3ಕ್ಕೂ ಹೋಟೆಲಿನ ಸ್ಟಾರಿಗೂ ಸಂಬಂಧ ಇಲ್ಲ. ಸ್ಟಾರ್ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಮಿತಿ. ಅದೂ ಹೋಟೆಲಿನವರೇ ಬಯಸಿ ಅರ್ಜಿ ಹಾಕಿದರೆ ಮಾತ್ರ, ಸಿಕ್ಕಿದ್ದು 5 ವರ್ಷ ನಡೆಯುತ್ತದೆ. ಒಳ್ಳೊಳ್ಳೆ ಲಾಡ್ಜುಗಳಿಗೂ ಸ್ಟಾರ್ ಇಲ್ಲ. ರಿವ್ಯೂಗಳನ್ನು ಹೊಸದರಿಂದ ಹಳೆಯದಕ್ಕೆ ಓದಿ. ಐದು ಸ್ಟಾರಿನವರೂ ಒಂದು ಸ್ಟಾರಿನವರೂ ಉದ್ವೇಗದಲ್ಲಿ ಬರೆದಿರುತ್ತಾರೆ, ಮೂರು ಕೊಟ್ಟವರು ಸಮಾಧಾನವಾಗಿ ಬರೆದಿರುತ್ತಾರೆ. ಒಂದೇ ದೂರು ಬೇರೆ ಬೇರೆ ತಿಂಗಳಲ್ಲಿ ಮತ್ತೆ ಮತ್ತೆ ಬಂದಿದ್ದರೆ ಅದು ನಿಜ. ಹೋಟೆಲಿನವರು ಹಾಕಿದ ಫೋಟೋ ಬಿಟ್ಟು ಉಳಿದವರು ತೆಗೆದ ಬಾತ್‌ರೂಮ್ ಫೋಟೋ ಹುಡುಕಿ.

ಸೌಲಭ್ಯಗಳ ಉದ್ದ ಪಟ್ಟಿಗೆ ಮರುಳಾಗಬೇಡಿ. ವೈಫೈ, ಮಿನಿ ಫ್ರಿಜ್, ಸ್ಮಾರ್ಟ್ ಟಿವಿ ಅಂತ ಬರೆದಿರುತ್ತಾರೆ. ಹಂಪಿ ಸುತ್ತಿ ಬಂದ ದಿನ ನಿಮಗೆ ಬೇಕಾಗುವುದು ಒದ್ದೆ ಬಟ್ಟೆ ಹಾಕುವ ಹಗ್ಗ, ಮಂಚದ ಹತ್ತಿರ ಒಂದು ಪ್ಲಗ್ ಪಾಯಿಂಟ್, ಅಪ್ಪ-ಅಮ್ಮನಿಗೆ ಮೆಟ್ಟಿಲಿಲ್ಲದ ದಾರಿ. ಹೊಸಪೇಟೆಯಿಂದ ಹಂಪಿಗೆ 13 ಕಿಲೋಮೀಟರ್ ಹತ್ತಿರ. ಮಧ್ಯಾಹ್ನ ಬಂದು ಮಲಗಿ ಸಂಜೆ ಮತ್ತೆ ಹೋಗುವ ಆಸೆ ಇದ್ದರೆ ಕಮಲಾಪುರವನ್ನೂ ನೋಡಿ. ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಇರುವುದು ಅಲ್ಲೇ, ಹಂಪಿಗೆ ತುಂಬಾ ಹತ್ತಿರ. ಬಾಡಿಗೆ ಮಾತಾಡುವಾಗ ಟ್ಯಾಕ್ಸ್ ಸೇರಿಸಿಯಾ ಅಂತ ಕೇಳಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5 ಆಗಿದೆ, ಮೊದಲು ಶೇ 12 ಇತ್ತು. ಈಗಲೂ 12 ಹಾಕಿದರೆ ಬಿಲ್ ತೋರಿಸಿ ಕೇಳಿ.

ರೂಮು ಚೊಕ್ಕಟವಾಗಿದ್ದರೆ ಕ್ಲೀನ್ ಮಾಡಿದವರ ಕೈಗೇ ಏನಾದರೂ ಕೊಡಿ. ರಿಸೆಪ್ಷನ್ನಿನಲ್ಲಿ ಕೊಟ್ಟರೆ ಅವರಿಗೆ ತಲುಪುತ್ತದೆ ಅಂತ ಹೇಳಲಾಗದು. ರಿವ್ಯೂನಲ್ಲೂ ಅವರ ಕೆಲಸದ ಬಗ್ಗೆ ಒಂದು ಸಾಲು ಬರೆಯಿರಿ.

ಯಾವ ತಿಂಗಳು ಹೋಗುತ್ತೀರಿ ಅಂತ ನೀವು ಬರೆದಿಲ್ಲ. ನವೆಂಬರಿನಿಂದ ಫೆಬ್ರವರಿವರೆಗೆ ಜನ ಜಾಸ್ತಿ, ಬೇಡ ಅಂದರೆ ಬೇರೆ ರೂಮು ಸಿಗುವುದು ಕಷ್ಟ. ಆಗ ಹೋಗುವುದಾದರೆ ಕ್ಯಾನ್ಸಲ್ ಮಾಡಬಹುದಾದ ಬುಕಿಂಗ್ ಮಾಡಿ, ಮಧ್ಯಾಹ್ನದೊಳಗೆ ಊರು ಮುಟ್ಟಿ. ಕತ್ತಲಾದಮೇಲೆ ಮಗುವನ್ನು ಎತ್ತಿಕೊಂಡು ರೂಮು ಹುಡುಕುವ ಪರಿಸ್ಥಿತಿ ಬರಬಾರದು. ಉಳಿದ ತಿಂಗಳಾದರೆ ಮೊದಲು ಒಂದು ರಾತ್ರಿಗೆ ಮಾತ್ರ ದುಡ್ಡು ಕಟ್ಟಿ, ಹಿಡಿಸಿದರೆ ಮುಂದುವರಿಸಿ.