ಬೇಸ್ ಗಿಟಾರ್‌ಗೆ ದುಬಾರಿ ಫ್ಲಾಟ್‌ವೌಂಡ್ ತಂತಿ ಹಾಕುವುದು ಸಾರ್ಥಕವೇ?

ನೀವು ಉಡುಪಿಯಲ್ಲಿ ಚರ್ಚಿನ ಗಾಯನ ಮಂಡಳಿಯೊಂದಿಗೂ ಮದುವೆ ರಿಸೆಪ್ಶನ್‌ಗಳಲ್ಲಿಯೂ ನಾಲ್ಕು ತಂತಿಯ ಎಲೆಕ್ಟ್ರಿಕ್ ಬೇಸ್ ನುಡಿಸುತ್ತೀರಿ. ಈಗಿರುವ ರೌಂಡ್‌ವೌಂಡ್ ತಂತಿಗಳ ಮೇಲೆ ಬೆರಳು ಜಾರಿದಾಗಲೆಲ್ಲ ಬರುವ ಕಿರಗುಟ್ಟುವ ಸದ್ದು ನಿಮಗೆ ಹಿಡಿಸುತ್ತಿಲ್ಲ. ಎರಡು ಮೂರು ಪಟ್ಟು ಬೆಲೆಯ ಒಳ್ಳೆಯ ಫ್ಲಾಟ್‌ವೌಂಡ್ ಸೆಟ್ ಕೊಂಡರೆ ಹಣ ವ್ಯರ್ಥವಾದೀತೇ ಎಂಬುದು ನಿಮ್ಮ ಪ್ರಶ್ನೆ. ನಾನು ಮಂಗಳೂರಿನಲ್ಲಿ ಬಹುಮಟ್ಟಿಗೆ ಇಂಥದ್ದೇ ಕಾರ್ಯಕ್ರಮಗಳಿಗೆ ಬೇಸ್ ನುಡಿಸುವವನು, ಮತ್ತು ಹಲವು ವರ್ಷಗಳಿಂದ ಫ್ಲಾಟ್‌ವೌಂಡ್ ತಂತಿಗಳನ್ನೇ ಬಳಸುತ್ತಿದ್ದೇನೆ. ಹಣ ವ್ಯರ್ಥವಾಗುವುದಿಲ್ಲ ಎಂದೇ ನನ್ನ ಉತ್ತರ. ಆದರೆ ಕೊಳ್ಳುವಾಗ ಕಂಪನಿಯ ಹೆಸರಿಗಿಂತ ಮೊದಲು ತಂತಿಯ ಬಿಗಿತವನ್ನು ನೋಡಬೇಕು. ಹಾಕಿದ ಮೇಲೆ ಮನೆಯ ಕೋಣೆಯಲ್ಲಿ ಒಬ್ಬರೇ ಕುಳಿತು ಕೇಳಿ ತೀರ್ಮಾನಕ್ಕೆ ಬರಬಾರದು.

ಬೇಸ್ ತಂತಿಯ ನಡುವೆ ಉಕ್ಕಿನ ಒಳತಂತಿ ಇರುತ್ತದೆ, ಅದರ ಮೇಲೆ ಮತ್ತೊಂದು ಲೋಹವನ್ನು ಸುತ್ತಿರುತ್ತಾರೆ. ರೌಂಡ್‌ವೌಂಡ್‌ನಲ್ಲಿ ಹೀಗೆ ಸುತ್ತಿದ್ದು ದುಂಡನೆಯ ತಂತಿ, ಆದ್ದರಿಂದ ಮೇಲ್ಮೈಯಲ್ಲಿ ಸಣ್ಣ ಸಣ್ಣ ಗೆರೆಗಳು ಉಳಿಯುತ್ತವೆ. ಫ್ಲಾಟ್‌ವೌಂಡ್‌ನಲ್ಲಿ ಸುತ್ತಿದ್ದು ಚಪ್ಪಟೆಯಾದ ಪಟ್ಟಿ, ಹೆಚ್ಚಾಗಿ ಸ್ಟೇನ್‌ಲೆಸ್ ಸ್ಟೀಲ್‌ನದು. ಮೇಲ್ಮೈ ಕನ್ನಡಿಯಂತೆ ನುಣುಪಾಗಿರುತ್ತದೆ. ಬೆರಳಿನ ಸದ್ದು ಇಲ್ಲವಾಗುವುದು ಈ ನುಣುಪಿನಿಂದ. ಅದಕ್ಕಿಂತ ಮುಖ್ಯವಾದ ವ್ಯತ್ಯಾಸವೆಂದರೆ, ಫ್ಲಾಟ್‌ವೌಂಡ್ ತಂತಿಯಲ್ಲಿ ಸ್ವರದ ಮೇಲಿನ ಸೂಕ್ಷ್ಮ ಅನುಸ್ವರಗಳು (ಮೂಲ ಸ್ವರದ ಜೊತೆಗೇ ಹುಟ್ಟುವ ಎತ್ತರದ ಸ್ವರಗಳು, ಓವರ್‌ಟೋನ್) ಬೇಗ ಅಡಗಿ, ಮೂಲ ಸ್ವರ ಮತ್ತು ಅದರ ಹತ್ತಿರದ ಒಂದೆರಡು ಅನುಸ್ವರಗಳು ಮಾತ್ರ ಗಟ್ಟಿಯಾಗಿ ನಿಲ್ಲುತ್ತವೆ. 1951ರಲ್ಲಿ ಫೆಂಡರ್ ಕಂಪನಿ ಪ್ರಿಸಿಷನ್ ಬೇಸ್ ಅನ್ನು ಹೊರತಂದಾಗ ಫ್ಲಾಟ್‌ವೌಂಡ್ ತಂತಿಗಳೇ ರೂಢಿಯಲ್ಲಿದ್ದವು. ರೌಂಡ್‌ವೌಂಡ್‌ನ ಹೊಳಪಿನ ಧ್ವನಿ ಜನಪ್ರಿಯವಾದದ್ದು 1960ರ ದಶಕದಲ್ಲಿ, ಇಂಗ್ಲೆಂಡಿನ ರೋಟೋಸೌಂಡ್ ಸಂಸ್ಥೆಯು ದ ಹೂ ರಾಕ್ ತಂಡದ ಬೇಸ್ ವಾದಕ ಜಾನ್ ಎಂಟ್‌ವಿಸಲ್ ಅವರ ಜೊತೆ ಸೇರಿ ಅಂಥ ತಂತಿಗಳನ್ನು ರೂಪಿಸಿದ ಬಳಿಕ. ಅದೇ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಮೋಟೌನ್ ಸ್ಟುಡಿಯೋದಲ್ಲಿ ಬೇಸ್ ವಾದಕ ಜೇಮ್ಸ್ ಜೇಮರ್‌ಸನ್ ಅವರು 1962ರ ಪ್ರಿಸಿಷನ್ ಬೇಸ್‌ಗೆ ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲಾಟ್‌ವೌಂಡ್ ತಂತಿಗಳನ್ನು ಹಾಕಿ, ಬ್ರಿಡ್ಜಿನ (ದೇಹದ ಮೇಲೆ ತಂತಿಗಳ ತುದಿ ಕೂರುವ ಭಾಗದ) ಮುಚ್ಚಳದ ಕೆಳಗೆ ಸ್ಪಂಜು ಇಟ್ಟು ನುಡಿಸುತ್ತಿದ್ದರು. ಅವರು ತಂತಿ ಬದಲಾಯಿಸುತ್ತಿದ್ದುದೇ ಅಪರೂಪ. ಹಾಡುವವರ ಧ್ವನಿಗೆ ಎಲ್ಲಿಯೂ ಅಡ್ಡ ಬಾರದೆ, ಆದರೆ ತೆಗೆದುಬಿಟ್ಟರೆ ಹಾಡೇ ಕುಸಿಯುವಂತೆ ನುಡಿಸಿದ ಬೇಸ್ ಹೇಗಿರುತ್ತದೆ ಎಂದು ತಿಳಿಯಬೇಕಿದ್ದರೆ ಆ ಕಾಲದ ಮೋಟೌನ್ ಧ್ವನಿಮುದ್ರಣಗಳನ್ನು ಕೇಳಬೇಕು.

ಇನ್ನು ಬಿಗಿತದ ವಿಷಯ. ಒಂದೇ ದಪ್ಪದ ರೌಂಡ್‌ವೌಂಡ್ ಮತ್ತು ಫ್ಲಾಟ್‌ವೌಂಡ್ ತಂತಿಗಳನ್ನು ಹೋಲಿಸಿದರೆ, ಸುತ್ತುಗಳ ನಡುವೆ ಖಾಲಿ ಜಾಗವಿಲ್ಲದ ಕಾರಣ ಫ್ಲಾಟ್‌ವೌಂಡ್ ಸಾಮಾನ್ಯವಾಗಿ ಹೆಚ್ಚು ತೂಗುತ್ತದೆ. ಉದ್ದವೂ ಶ್ರುತಿಯೂ ಬದಲಾಗದಿರುವಾಗ ತೂಕ ಹೆಚ್ಚಾದರೆ ಬಿಗಿತವೂ ಅದಕ್ಕೆ ತಕ್ಕಂತೆ ಹೆಚ್ಚಲೇಬೇಕು. ತಂತಿಯ ಕಂಪಿಸುವ ಉದ್ದ 34 ಇಂಚಿರುವ ಬೇಸ್‌ನಲ್ಲಿ ದಪ್ಪ ತಂತಿಯನ್ನು 41.2 ಹರ್ಟ್ಸ್‌ನ ಇ ಸ್ವರಕ್ಕೆ ತರಲು ಭಾರವಾದ ತಂತಿಯನ್ನು ಇನ್ನಷ್ಟು ಎಳೆಯದೆ ಬೇರೆ ದಾರಿಯಿಲ್ಲ. ಹೀಗಾಗಿ 45–105 ಗೇಜಿನ (ಅತಿ ತೆಳು ಮತ್ತು ಅತಿ ದಪ್ಪ ತಂತಿಗಳ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ರೌಂಡ್‌ವೌಂಡ್ ತೆಗೆದು ಅದೇ ಅಂಕಿಯ ಫ್ಲಾಟ್‌ವೌಂಡ್ ಹಾಕಿದವರಿಗೆ ತಂತಿಗಳು ಒಮ್ಮೆಲೇ ಗಡುಸಾದಂತೆ ಅನ್ನಿಸುತ್ತದೆ, ನೆಕ್ (ಎಡಗೈ ಬೆರಳೊತ್ತುವ ಉದ್ದನೆಯ ಭಾಗ) ಕೂಡ ಸ್ವಲ್ಪ ಮುಂದಕ್ಕೆ ಬಾಗುತ್ತದೆ. ಪೊಟ್ಟಣದ ಮೇಲಿನ ಗೇಜ್ ಒಂದನ್ನೇ ನೋಡಿ ಕೊಂಡರೆ ಈ ಸಂಗತಿ ಗೊತ್ತಾಗುವುದಿಲ್ಲ. ಹೆಚ್ಚಿನ ದೊಡ್ಡ ಕಂಪನಿಗಳು ಪ್ರತಿ ತಂತಿಯ ಬಿಗಿತವನ್ನು ಪ್ರಕಟಿಸುತ್ತವೆ, ಅದನ್ನು ನಿಮ್ಮ ಈಗಿನ ಸೆಟ್‌ನ ಅಂಕಿಗಳೊಂದಿಗೆ ಹೋಲಿಸಿ ನೋಡಿ.

ದುಬಾರಿ ಸೆಟ್‌ಗಳ ಪೈಕಿ ನಾನು ಚೆನ್ನಾಗಿ ಬಲ್ಲ ಮೂರರ ಬಗ್ಗೆ ಮಾತ್ರ ಹೇಳುತ್ತೇನೆ. ವಿಯೆನ್ನಾದ ಥೋಮಾಸ್ಟಿಕ್ ಇನ್‌ಫೆಲ್ಡ್ ಸಂಸ್ಥೆ 1919ರಿಂದ ಇದೆ. ಅದರ ಜಾಝ್ ಫ್ಲಾಟ್ಸ್ ಸೆಟ್‌ನಲ್ಲಿ ನಾಲ್ಕು ತಂತಿಗಳ ಗೇಜ್ 43, 56, 70 ಮತ್ತು 100. ಇವುಗಳ ಬಿಗಿತ ಉಳಿದ ಫ್ಲಾಟ್‌ವೌಂಡ್‌ಗಳಿಗಿಂತ ಬಹಳ ಕಡಿಮೆ, ಬೆರಳಿಗೆ ಮೃದು, ಮಧ್ಯದ ಆವೃತ್ತಿಗಳು ತುಂಬಿಕೊಂಡಿರುವುದರಿಂದ ಸ್ವರ ಹಾಡುವಂತೆ ಕೇಳಿಸುತ್ತದೆ. ಜೋರಾಗಿ ಮೀಟಿ ರೂಢಿಯಾದವರಿಗೆ ಮೊದಲು ಇವು ಸಡಿಲವೆನಿಸಬಹುದು. ಕೈಯನ್ನು ಹಗುರ ಮಾಡಿಕೊಂಡವರಿಗೆ ಇವು ಕೊಡುವ ಸೂಕ್ಷ್ಮತೆಯನ್ನು ಬೇರಾವ ಫ್ಲಾಟ್‌ವೌಂಡ್‌ನಲ್ಲಿಯೂ ನಾನು ಕಂಡಿಲ್ಲ. ನನ್ನ ಬೇಸ್‌ನಲ್ಲಿ ಈಗ ಇರುವುದು ಇವೇ. ಎರಡನೆಯದು ನ್ಯೂಯಾರ್ಕ್ ರಾಜ್ಯದಲ್ಲಿ ತಯಾರಾಗುವ ಲಾ ಬೆಲ್ಲಾದ ಡೀಪ್ ಟಾಕಿನ್ ಬೇಸ್. ಅದರ 45–105 ಸೆಟ್ ದಪ್ಪನೆಯ, ಗುಂಡಗಿನ ಧ್ವನಿ ಕೊಡುತ್ತದೆ, ಹಳತಾದಷ್ಟೂ ಚೆನ್ನಾಗುತ್ತದೆ. ಜೇಮರ್‌ಸನ್ ಅವರ ಹಾದಿಯ 52–110 ಸೆಟ್ ಕೂಡ ಸಿಗುತ್ತದೆ. ಅದರ ಬಿಗಿತ ಬಹಳ ಹೆಚ್ಚು, ನಟ್‌ನ (ನೆಕ್‌ನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ) ಕಚ್ಚುಗಳನ್ನು ಅಗಲಿಸಬೇಕಾಗುತ್ತದೆ, ಆದ್ದರಿಂದ ಮೊದಲ ಬಾರಿಗೆ ಫ್ಲಾಟ್‌ವೌಂಡ್ ಹಾಕುವವರಿಗೆ ಅದನ್ನು ನಾನು ಸೂಚಿಸುವುದಿಲ್ಲ. ಮೂರನೆಯದು ಡಿ'ಅಡಾರಿಯೋ ಕ್ರೋಮ್ಸ್, 45–100. ಬಿಗಿತ ಹೆಚ್ಚಾಗಿದ್ದರೂ ಫ್ಲಾಟ್‌ವೌಂಡ್‌ಗಳಲ್ಲಿ ಇದರ ಧ್ವನಿಗೆ ಹೊಳಪು ಹೆಚ್ಚು, ಬೆಲೆ ಈ ಮೂರರಲ್ಲಿ ಕಡಿಮೆ. ನಿಮ್ಮ ಬಳಿ ಒಂದೇ ಬೇಸ್ ಇದ್ದು ಭಾನುವಾರದ ಬಲಿಪೂಜೆಗೂ ಶನಿವಾರದ ರಿಸೆಪ್ಶನ್‌ಗೂ ಅದನ್ನೇ ಒಯ್ಯುವುದಾದರೆ ನೀವು ಕೊಳ್ಳಬೇಕಾದ್ದು ಇದನ್ನು ಎಂದು ನನ್ನ ಸಲಹೆ. ಗಾಯನ ಮಂಡಳಿಯೇ ನಿಮ್ಮ ಮುಖ್ಯ ಕೆಲಸವಾಗಿದ್ದರೆ ಥೋಮಾಸ್ಟಿಕ್ ಕೊಂಡುಕೊಳ್ಳಿ.

ಅಗ್ಗದ ಫ್ಲಾಟ್‌ವೌಂಡ್ ಸಾಲದೇ ಎಂದು ನೀವು ಕೇಳಬಹುದು. ಗೆಳೆಯರೊಬ್ಬರ ಬೇಸ್‌ನಲ್ಲಿದ್ದ ಅಂಥದೊಂದು ಸೆಟ್ ಅನ್ನು ಸಾಕಷ್ಟು ಕಾಲ ನುಡಿಸಿದ್ದೇನೆ. ನಾಲ್ಕು ತಂತಿಗಳು ನಾಲ್ಕು ಬೇರೆ ವಾದ್ಯಗಳಿಂದ ತಂದಂತೆ ಕೇಳಿಸುತ್ತಿದ್ದವು, ಡಿ ತಂತಿಯಂತೂ ಮೇಲಿನ ಫ್ರೆಟ್‌ಗಳಲ್ಲಿ (ನೆಕ್‌ನ ಮೇಲಿನ ಅಡ್ಡ ಲೋಹದ ಪಟ್ಟಿಗಳಲ್ಲಿ) ಶ್ರುತಿಗೆ ನಿಲ್ಲುತ್ತಲೇ ಇರಲಿಲ್ಲ. ಬೆಲೆ ಹೆಚ್ಚಿರುವ ಸೆಟ್‌ಗಳಲ್ಲಿ ನಾವು ಹಣ ಕೊಡುವುದು ಮುಖ್ಯವಾಗಿ ಈ ಸಮತೋಲಕ್ಕೆ: ಒಂದು ತಂತಿಯಿಂದ ಇನ್ನೊಂದಕ್ಕೆ ದಾಟಿದಾಗ ಧ್ವನಿಯ ಬಣ್ಣವೂ ಗಟ್ಟಿತನವೂ ಬದಲಾಗದಿರುವುದಕ್ಕೆ.

ನಮ್ಮ ಕರಾವಳಿಯಲ್ಲಿ ಫ್ಲಾಟ್‌ವೌಂಡ್‌ಗೆ ಇನ್ನೊಂದು ಬಲವಾದ ಕಾರಣವಿದೆ. ಇಲ್ಲಿಯ ಸೆಖೆಯಲ್ಲಿ ಬೆವರು ರೌಂಡ್‌ವೌಂಡ್‌ನ ಗೆರೆಗಳೊಳಗೆ ಇಳಿದು ಅಲ್ಲಿಯೇ ಉಳಿಯುತ್ತದೆ, ಉಪ್ಪಿನ ಗಾಳಿಯೂ ಸೇರಿ ತಂತಿ ಬೇಗ ಕಿಲುಬು ಹಿಡಿಯುತ್ತದೆ, ಧ್ವನಿ ಮಂಕಾಗುತ್ತದೆ. ಫ್ಲಾಟ್‌ವೌಂಡ್‌ನಲ್ಲಿ ಅಂಥ ಗೆರೆಗಳಿಲ್ಲ. ನುಡಿಸಿದ ಬಳಿಕ ಒಣ ಹತ್ತಿ ಬಟ್ಟೆಯಿಂದ ಒರೆಸಿ, ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಒಂದು ಸೆಟ್ ವರ್ಷಗಟ್ಟಲೆ ಬಾಳುತ್ತದೆ. ರೌಂಡ್‌ವೌಂಡ್ ಅನ್ನು ಪ್ರತಿ ಮಳೆಗಾಲದ ಕೊನೆಗೆ ಬದಲಾಯಿಸುವ ಖರ್ಚನ್ನು ಕೂಡಿಸಿ ನೋಡಿದರೆ ದುಬಾರಿ ಎನಿಸಿದ್ದು ದುಬಾರಿಯಾಗಿ ಉಳಿಯುವುದಿಲ್ಲ. ಫ್ರೆಟ್‌ಗಳ ಸವೆತವೂ ಕಡಿಮೆ. ತಂತಿ ಹೇಗಾದರೂ ಇರಲಿ, ಮಳೆಗಾಲದಲ್ಲಿ ಮರ ಮಾತ್ರ ತೇವ ಹೀರುತ್ತದೆ, ನೆಕ್‌ನ ಬಾಗು ಬದಲಾಗುತ್ತದೆ. ಜೂನ್‌ನಲ್ಲಿಯೂ ಸೆಪ್ಟೆಂಬರ್ ಕಳೆದ ಮೇಲೂ ಒಮ್ಮೊಮ್ಮೆ ಪರೀಕ್ಷಿಸುವುದು ತಪ್ಪದು.

ಆ ಪರೀಕ್ಷೆ ಕಷ್ಟದ್ದಲ್ಲ. ಶ್ರುತಿ ಮಾಡಿದ ತಂತಿಯನ್ನು ಮೊದಲನೆಯ ಮತ್ತು ಕೊನೆಯ ಫ್ರೆಟ್‌ಗಳಲ್ಲಿ ಒತ್ತಿ ಹಿಡಿದು ಏಳನೆಯ ಫ್ರೆಟ್‌ನ ಬಳಿ ತಂತಿಗೂ ಫ್ರೆಟ್‌ಗೂ ನಡುವಿನ ಅಂತರ ನೋಡಿ, ಸುಮಾರು 0.3 ಮಿಲಿಮೀಟರ್ ಇದ್ದರೆ ಸರಿ. ಹೆಚ್ಚಿದ್ದರೆ ಟ್ರಸ್ ರಾಡ್ (ನೆಕ್‌ನ ಬಾಗು ಸರಿಪಡಿಸುವ ಒಳಗಿನ ಲೋಹದ ಸರಳು) ಅನ್ನು ಬಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ. ಬಳಿಕವಷ್ಟೇ ಸ್ಯಾಡಲ್‌ಗಳ (ಬ್ರಿಡ್ಜಿನ ಮೇಲೆ ತಂತಿ ಕೂರುವ ತುಂಡುಗಳ) ಎತ್ತರ, ಕೊನೆಗೆ ಇಂಟೊನೇಷನ್, ಅಂದರೆ ಎಲ್ಲ ಫ್ರೆಟ್‌ಗಳಲ್ಲೂ ಶ್ರುತಿ ಸರಿಬರುವಂತೆ ಹೊಂದಿಸುವುದು. ಬಿಗಿತ ಹೆಚ್ಚಿರುವ ತಂತಿ ಕಡಿಮೆ ಅಗಲಕ್ಕೆ ಕಂಪಿಸುವುದರಿಂದ ಆಕ್ಷನ್ (ಫ್ರೆಟ್‌ಗಳಿಂದ ತಂತಿಯ ಎತ್ತರ) ಅನ್ನು ಮೊದಲಿಗಿಂತ ಸ್ವಲ್ಪ ತಗ್ಗಿಸಲು ಸಾಧ್ಯವಾಗಬಹುದು; ಥೋಮಾಸ್ಟಿಕ್ ಹಾಕಿದರೆ ಮಾತ್ರ ಹಾಗೆ ಮಾಡಬೇಡಿ. ತಂತಿ ಹಾಕುವಾಗ ಕತ್ತರಿಸುವ ಮೊದಲು ಅದನ್ನು ಲಂಬಕೋನದಲ್ಲಿ ಮಡಚಿ, ಮಡಿಕೆಯಿಂದ ಆಚೆಗೆ ಕತ್ತರಿಸಿ. ದುಂಡನೆಯ ಒಳತಂತಿ ಇರುವ ಸೆಟ್‌ಗಳಲ್ಲಿ ಮಡಚದೆ ಕತ್ತರಿಸಿದರೆ ಹೊರಪಟ್ಟಿ ಸಡಿಲಗೊಂಡು ಆ ತಂತಿಯ ಧ್ವನಿಯೇ ಸತ್ತುಹೋಗುತ್ತದೆ, ಮತ್ತೆ ಸರಿಪಡಿಸಲಾಗದು.

ಹೊಸ ಫ್ಲಾಟ್‌ವೌಂಡ್ ಮೊದಲ ಕೆಲವು ವಾರ ನಿರೀಕ್ಷೆಗಿಂತ ಹೆಚ್ಚು ಲೋಹದ ಧ್ವನಿ ಕೊಡುತ್ತದೆ, ಕ್ರೋಮ್ಸ್‌ನಲ್ಲಿ ಇದು ಎದ್ದು ಕಾಣುತ್ತದೆ. ದಿನವೂ ನುಡಿಸುತ್ತ ಬಂದರೆ ಅದು ತಾನಾಗಿಯೇ ತಗ್ಗುತ್ತದೆ. ಅನಂತರ ಮನೆಯಲ್ಲಿ ಒಬ್ಬರೇ ನುಡಿಸಿದಾಗ ಧ್ವನಿ ಸಪ್ಪೆಯಾಯಿತೆಂದು ಅನ್ನಿಸುವ ಘಟ್ಟವೊಂದು ಬರುತ್ತದೆ. ಬಹಳ ಮಂದಿ ತಂತಿ ತೆಗೆದುಹಾಕುವುದು ಆಗಲೇ. ನೀವು ಹಾಗೆ ಮಾಡದೆ, ಗಾಯನ ಮಂಡಳಿಯ ಅಭ್ಯಾಸಕ್ಕೆ ಬೇಸ್ ಒಯ್ದು, ಇನ್ನೊಬ್ಬರ ಕೈಗೆ ಅದನ್ನು ಕೊಟ್ಟು, ನೀವು ಹಿಂದಿನ ಬೆಂಚಿನ ಬಳಿ ನಿಂತು ಕೇಳಿ. ಎತ್ತರದ ಮಾಡಿನ ಹಳೆಯ ಚರ್ಚುಗಳಲ್ಲಿ ರೌಂಡ್‌ವೌಂಡ್‌ನ ಉದ್ದನೆಯ ಝೇಂಕಾರ ಮುಂದಿನ ಸ್ವರದ ಮೇಲೆ ಬಿದ್ದು ಕಲಸಿಹೋಗುತ್ತದೆ. ಫ್ಲಾಟ್‌ವೌಂಡ್‌ನಲ್ಲಿ ಸ್ವರ ಬೇಗ ಮುಗಿಯುವುದರಿಂದ ಆರ್ಗನ್‌ನ ಎಡಗೈಯ ಸ್ವರಗಳೂ ಬೇಸ್‌ನ ಸ್ವರಗಳೂ ಬೇರೆ ಬೇರೆಯಾಗಿ ಕಿವಿಗೆ ಬರುತ್ತವೆ, ಆಲ್ಟೋ ಮತ್ತು ಟೆನರ್ ಹಾಡುವವರಿಗೂ ಶ್ರುತಿ ಹಿಡಿಯುವುದು ಸುಲಭವಾಗುತ್ತದೆ.

ಬಯಲಿನಲ್ಲಿ ನುಡಿಸುವಾಗ ಕಥೆ ಬೇರೆ. ಮಂಗಳೂರಿನ ಶಕ್ತಿನಗರದ ಕಲಾಂಗಣದಂಥ ತೆರೆದ ರಂಗಮಂದಿರದಲ್ಲಾಗಲಿ ಮೈದಾನದ ರಿಸೆಪ್ಶನ್‌ನಲ್ಲಾಗಲಿ ಸದ್ದನ್ನು ಹಿಂದಿರುಗಿಸಲು ಗೋಡೆಗಳಿಲ್ಲ; ಚಿಕ್ಕ ಆಂಪ್‌ನ ಸ್ಪೀಕರ್ 41 ಹರ್ಟ್ಸ್‌ನ ಸ್ವರವನ್ನು ಸರಿಯಾಗಿ ಕೊಡಲಾರದು, ಮೇಲಿನ ಅನುಸ್ವರಗಳೂ ಕಡಿಮೆಯಿರುವುದರಿಂದ ನೀವು ಯಾವ ಸ್ವರ ನುಡಿಸುತ್ತಿದ್ದೀರಿ ಎಂದೇ ತಂಡಕ್ಕೆ ತಿಳಿಯದೆ ಹೋಗಬಹುದು. ಆಗ ಬೇಸ್ ನಾಬ್ ಹೆಚ್ಚಿಸಬೇಡಿ. 500ರಿಂದ 800 ಹರ್ಟ್ಸ್ ನಡುವಿನ ಮಿಡ್ (ಮಧ್ಯದ ಆವೃತ್ತಿಗಳನ್ನು) ಸ್ವಲ್ಪ ಹೆಚ್ಚಿಸಿ, ಟೋನ್ ನಾಬ್ ಪೂರ್ತಿ ತೆರೆಯಿರಿ. ಬಾಯ್ಲಾ ಲಯದ ಕೊಂಕಣಿ ಹಾಡುಗಳಿಗೆ ಇಷ್ಟು ಸಾಕು, ಮೊಟಕು ಸ್ವರಗಳು ಡ್ರಮ್ಸ್‌ನೊಂದಿಗೆ ಚೆನ್ನಾಗಿ ಕೂಡುತ್ತವೆ. ಸ್ಲ್ಯಾಪ್ ಶೈಲಿಯಲ್ಲಿ ಹೆಬ್ಬೆರಳಿನಿಂದ ಬಡಿದು ನುಡಿಸಬೇಕಾದ ಹಾಡುಗಳಿಗೆ ಮಾತ್ರ ಫ್ಲಾಟ್‌ವೌಂಡ್ ಹೊಂದುವುದಿಲ್ಲ. ಹಾಗೆಂದು ಇವು ಬರೀ ಮೆಲುದನಿಯ ತಂತಿಗಳು ಎಂದು ತಿಳಿಯಬೇಕಾಗಿಲ್ಲ. ಐರನ್ ಮೇಡನ್ ಎಂಬ ಹೆವಿ ಮೆಟಲ್ ತಂಡದ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಅವರು ರೋಟೋಸೌಂಡ್ ಫ್ಲಾಟ್‌ವೌಂಡ್‌ಗಳಲ್ಲಿಯೇ ಅಷ್ಟು ತೀಕ್ಷ್ಣವಾಗಿ ನುಡಿಸುತ್ತಾರೆ.

ನಮ್ಮ ಕಡೆಯ ಅಂಗಡಿಗಳಲ್ಲಿ ನನಗೆ ಸಿಕ್ಕಿದ್ದು ಹೆಚ್ಚಾಗಿ ರೌಂಡ್‌ವೌಂಡ್. ಫ್ಲಾಟ್‌ವೌಂಡ್ ಅನ್ನು ನಾನು ತರಿಸಿಕೊಳ್ಳುವುದು ಬೆಂಗಳೂರಿನಿಂದ. ದೂರದಿಂದ ತರಿಸುವಾಗ ಹಿಂದಿರುಗಿಸುವುದು ತೊಂದರೆಯ ಕೆಲಸವಾದ್ದರಿಂದ, ಮೊದಲೇ ನಿಮ್ಮ ಬೇಸ್ 34 ಇಂಚಿನದೋ 30 ಇಂಚಿನದೋ ಎಂದು ನಟ್‌ನಿಂದ ಸ್ಯಾಡಲ್‌ವರೆಗೆ ಅಳೆದುಕೊಳ್ಳಿ. ತಂತಿಯ ಗುಂಡು ಕೂರುವ ಜಾಗದಿಂದ ನಟ್‌ವರೆಗಿನ ದೂರವನ್ನೂ ಗುರುತು ಹಾಕಿಕೊಳ್ಳಿ, ಏಕೆಂದರೆ ತುದಿಯಲ್ಲಿ ಸುತ್ತಿರುವ ಬಣ್ಣದ ನೂಲು ನಟ್ ದಾಟಿದ ಮೇಲೆಯೇ ಆರಂಭವಾಗಬೇಕು. ನಿಮ್ಮ ಬೇಸ್‌ನಲ್ಲಿ ತಂತಿಗಳನ್ನು ದೇಹದ ಹಿಂಬದಿಯಿಂದ ತೂರಿಸುವ ವ್ಯವಸ್ಥೆ ಇದ್ದರೆ ಅದನ್ನು ಬಿಟ್ಟು ಬ್ರಿಡ್ಜಿನ ಹಿಂಭಾಗದಿಂದಲೇ ಹಾಕಿ. ಚಪ್ಪಟೆ ಪಟ್ಟಿಯ ತಂತಿ ಅಷ್ಟು ಚೂಪಾದ ತಿರುವನ್ನು ತಾಳುವುದಿಲ್ಲ. ಬ್ರಿಡ್ಜಿನಿಂದ ಹಾಕುವ ಅವಕಾಶವೇ ಇಲ್ಲದ ಬೇಸ್ ಆಗಿದ್ದರೆ ಅದರ ಮಾದರಿಯ ಹೆಸರನ್ನು ಇಲ್ಲಿ ತಿಳಿಸಿ, ಯಾವ ಸೆಟ್ ಹೊಂದಬಹುದೆಂದು ನೋಡಿ ಹೇಳುತ್ತೇನೆ.