ಬಾನೆಟ್‌ಗೆ ಹಿಡಿಯದ ಎಂಜಿನ್: ಜಾಗ ಮಾಡುವುದು ಎಲ್ಲಿ?

ಪ್ರಶ್ನೆ: ನಮ್ಮ ಅಜ್ಜನ 1930ರ ಫೋರ್ಡ್ ಮಾಡೆಲ್ ಎ ಪಿಕಪ್‌ನ ಎಂಜಿನ್ ಬ್ಲಾಕ್ ಬಿರುಕು ಬಿಟ್ಟಿದೆ. ಹಳೆಯ ಷೆವರ್ಲೆ ಲಾರಿಯ ಆರು ಸಿಲಿಂಡರ್ ಎಂಜಿನ್ ಕೂರಿಸಿ ಹಾಟ್ ರಾಡ್ (ಹೆಚ್ಚು ಶಕ್ತಿಯ ಎಂಜಿನ್ ಹಾಕಿ ಮಾರ್ಪಡಿಸಿದ ಹಳೆಯ ಗಾಡಿ) ಮಾಡಿಸಬೇಕೆಂದಿದ್ದೇನೆ. ಆದರೆ ಅದು ಉದ್ದವಾಗಿದೆ. ರೇಡಿಯೇಟರನ್ನು ಮುಂದಕ್ಕೆ ಸರಿಸುವುದೇ, ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆಯಾದ ಫೈರ್‌ವಾಲ್ ಕತ್ತರಿಸುವುದೇ?
– ಓದುಗರು, ಕಾರ್ಕಳ

ಉತ್ತರ: ರೇಡಿಯೇಟರನ್ನು ದಯವಿಟ್ಟು ಮುಟ್ಟಬೇಡಿ. ಅದು ಮುಂಭಾಗದ ಆಕ್ಸಲ್‌ನ ನೇರಕ್ಕೆ, ಚಾಸಿಯ ಅಡ್ಡ ಪಟ್ಟಿಯ (ಕ್ರಾಸ್ ಮೆಂಬರ್) ಮೇಲೆ ನಿಂತಿದೆ. ಅದನ್ನೂ ಎಂಜಿನ್ನನ್ನೂ ಮುಂದಕ್ಕೆ ತಂದರೆ ಭಾರ ಆಕ್ಸಲ್ ದಾಟಿ ಬೀಳುತ್ತದೆ, ಆಗುಂಬೆ ಘಾಟಿಯ ತಿರುವುಗಳಲ್ಲಿ ಸ್ಟೇರಿಂಗ್ ತಿರುಗಿಸುವವರ ತೋಳು ಸೋಲುತ್ತದೆ, ಬಾನೆಟ್ ಹೊಸದಾಗಿ ಮಾಡಿಸಬೇಕಾಗುತ್ತದೆ. ಗಾಡಿಯ ಮುಖವೂ ಕೆಡುತ್ತದೆ.

ಹಾಗಾದರೆ ಜಾಗ ಸಿಗಬೇಕಾದುದು ಹಿಂದಕ್ಕೆ. ಆದರೆ ಈ ಗಾಡಿಯಲ್ಲಿ ಫೈರ್‌ವಾಲ್‌ನ ಬೆನ್ನಿಗೇ, ಡ್ಯಾಶ್‌ಬೋರ್ಡ್‌ನ ಮುಂದೆ, ಪೆಟ್ರೋಲ್ ಟ್ಯಾಂಕ್ ಇದೆ. ಗಾಜಿನ ಮುಂದೆ ಹೊರಗೆ ಕಾಣುವ ತಗಡೇ ಟ್ಯಾಂಕಿನ ಮೇಲ್ಮೈ. ಪಂಪಿಲ್ಲದೆ, ಎತ್ತರದಿಂದ ಇಳಿದೇ ಪೆಟ್ರೋಲ್ ಕಾರ್ಬುರೇಟರ್ ಸೇರುತ್ತದೆ. ಆದ್ದರಿಂದ ಕತ್ತರಿಸುವ ಮೊದಲು ಟ್ಯಾಂಕನ್ನು ಪೂರ್ತಿ ಬಿಚ್ಚಿ ಹೊರತೆಗೆಯಬೇಕು, ಹಿಂಬದಿಯಲ್ಲಿ ಬೇರೆ ಟ್ಯಾಂಕ್ ಕೂರಿಸಿ ಪಂಪ್ ಜೋಡಿಸಬೇಕು. ಖಾಲಿ ಟ್ಯಾಂಕಿನಲ್ಲಿಯೂ ಆವಿ ಉಳಿದಿರುತ್ತದೆ. ಅದರ ಹತ್ತಿರ ವೆಲ್ಡಿಂಗ್ ಮಾಡಲು ಯಾವ ಗ್ಯಾರೇಜಿನವರು ಒಪ್ಪಿದರೂ ನೀವು ಒಪ್ಪಬೇಡಿ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹಂತದಲ್ಲಿ. ಎಂಜಿನ್ ಹಿಂದೆ ಸರಿದರೆ ಗೇರ್ ಬಾಕ್ಸ್ ಕೂಡ ಸರಿಯುತ್ತದೆ. ಮಾಡೆಲ್ ಎಯಲ್ಲಿ, ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟ್ ತೆರೆದಿಲ್ಲ, ಟಾರ್ಕ್ ಟ್ಯೂಬ್ ಎಂಬ ಕೊಳವೆಯೊಳಗೆ ತಿರುಗುತ್ತದೆ. ಹಿಂದಿನ ಚಕ್ರಗಳು ಗಾಡಿಯನ್ನು ಮುಂದಕ್ಕೆ ತಳ್ಳುವ ಬಲವನ್ನು ಹೊರುವುದೂ ಆ ಕೊಳವೆಯೇ. ಒಂದೋ ಶಾಫ್ಟ್ ಮತ್ತು ಕೊಳವೆ ಎರಡನ್ನೂ ಸರಿಯಾಗಿ ಗಿಡ್ಡಗೊಳಿಸಬೇಕು, ಇಲ್ಲವೇ ತೆರೆದ ಶಾಫ್ಟ್ ಹಾಕಿ ಆಕ್ಸಲ್ಲನ್ನು ಹಿಡಿದಿಡಲು ಬೇರೆ ರಾಡ್‌ಗಳನ್ನು ಕಟ್ಟಬೇಕು. ಈ ರಾಡ್‌ಗಳನ್ನು ಮರೆತರೆ ಆಕ್ಸಲ್ ಮೊದಲ ಏರಿನಲ್ಲೇ ತಿರುಚಿಕೊಳ್ಳುತ್ತದೆ.

ಎಂಜಿನ್‌ನ ಫ್ಯಾನ್ ತೆಗೆದು ರೇಡಿಯೇಟರ್ ಮುಂದೆ ಎಲೆಕ್ಟ್ರಿಕ್ ಫ್ಯಾನ್ ಕಟ್ಟಿದರೆ ಇನ್ನಷ್ಟು ಜಾಗ ಉಳಿಯುತ್ತದೆ. ಆದರೆ ಮೂಲ ವಯರಿಂಗ್ 6 ವೋಲ್ಟ್‌ನದು, ಅದೂ ಪಾಸಿಟಿವ್ ಅರ್ಥ್ (ಬ್ಯಾಟರಿಯ ಪ್ಲಸ್ ತುದಿ ಚಾಸಿಗೆ ಜೋಡಿಸಿರುತ್ತದೆ). ಅದನ್ನು 12 ವೋಲ್ಟ್‌ಗೆ ಬದಲಿಸಬೇಕು. ರಾಡ್‌ನಿಂದ ಎಳೆಯುವ ಹಳೆಯ ಬ್ರೇಕ್ ಕೂಡ ಈ ಎಂಜಿನ್‌ಗೆ ಸಾಲದು, ಹೈಡ್ರಾಲಿಕ್ ಬ್ರೇಕ್ ಬೇಕು. (ಫೋರ್ಡ್ 1932ರಲ್ಲಿ ತಂದ ವಿ8 ಎಂಜಿನ್ ಹಾಟ್ ರಾಡ್‌ನವರಿಗೆ ಅಷ್ಟು ಪ್ರಿಯವಾದುದಕ್ಕೆ ಅದರ ಗಿಡ್ಡತನವೂ ಒಂದು ಕಾರಣ: ಸಿಲಿಂಡರ್‌ಗಳು ನಾಲ್ಕು ನಾಲ್ಕರ ಎರಡು ಸಾಲಿನಲ್ಲಿವೆ.)

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಒಲವು ಹಳೆಯ ಬ್ಲಾಕಿನ ಕಡೆಗೇ. ಬೀಡು ಕಬ್ಬಿಣದ ಬಿರುಕನ್ನು, ಅದು ಎಲ್ಲಿದೆ ಎಂಬುದನ್ನು ನೋಡಿಕೊಂಡು, ಬೆಸುಗೆಯಿಲ್ಲದೆ ಲೋಹದ ಹೊಲಿಗೆಯಿಂದ ಮುಚ್ಚುವ ವಿಧಾನವಿದೆ. 2021ರ ನಿಯಮದಂತೆ 50 ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ವಾಹನಕ್ಕೆ ಮಾತ್ರ ವಿಂಟೇಜ್ ನೋಂದಣಿ ದೊರೆಯುತ್ತದೆ. ಎಂಜಿನ್ ಅಥವಾ ಚಾಸಿ ಮಾರ್ಪಟ್ಟರೆ ದೊರೆಯದು. ಹಾಟ್ ರಾಡ್ ಮಾಡುವುದೇ ನಿಮ್ಮ ನಿರ್ಧಾರವಾದರೆ, ಕೆಲಸ ಆರಂಭಿಸುವ ಮೊದಲೇ ಆರ್‌ಟಿಒದಿಂದ ಲಿಖಿತ ಅನುಮತಿ ಕೇಳಿ. ಮಾಡೆಲ್ ಎಯಲ್ಲಿ ಎಂಜಿನ್‌ನ ಸಂಖ್ಯೆಯನ್ನೇ ಚಾಸಿಯ ಮೇಲೂ ಒತ್ತಿರುತ್ತಾರೆ; ಆದ್ದರಿಂದ ಯಾವ ದಾರಿ ಹಿಡಿದರೂ ಆ ಬ್ಲಾಕನ್ನು ಗುಜರಿಗೆ ಹಾಕಬೇಡಿ.